ಚುಕ್ಕೆ ಹೋದರೆ ರೋಗ ಹೋಯಿತೇ? ಕಡಲ ಮೀನಿನ ಪರಾವಲಂಬಿಯ ಮೂಲಕ ಜೀವನಚಕ್ರದ ಬೋಧನೆ

ಬೋಧನಾಭ್ಯಾಸದ ಅವಧಿಯಲ್ಲಿ ಮಂಗಳೂರಿನ ಹೊರವಲಯದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಎರಡು ವಿಭಾಗಗಳಿಗೆ ಒಂದೇ ಪಾಠವನ್ನು ಎರಡು ರೀತಿಯಲ್ಲಿ ಮಾಡುವ ಸಂದರ್ಭ ನನಗೆ ಒದಗಿತು. ಮೊದಲನೆಯ ಪಾಠ ನೋಡುವುದಕ್ಕೆ ಚೆನ್ನಾಗಿತ್ತು, ಆದರೆ ಮಕ್ಕಳಿಗೆ ತಲುಪಲಿಲ್ಲ. ಎರಡನೆಯದರಲ್ಲಿ ಗದ್ದಲ ಹೆಚ್ಚಿತ್ತು, ತಲುಪಿತು. ಎರಡರ ನಡುವಿನ ವ್ಯತ್ಯಾಸವನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ವಿಷಯದ ಆಯ್ಕೆ

ಸೂಕ್ಷ್ಮಜೀವಿಗಳ ಘಟಕದಲ್ಲಿ ಪ್ರೋಟೋಜೋವಾಗಳಿಂದ ಬರುವ ರೋಗಗಳನ್ನು ಕಲಿಸಬೇಕಿತ್ತು. ಮಲೇರಿಯಾದ ಉದಾಹರಣೆ ಪುಸ್ತಕದಲ್ಲೇ ಇದೆ. ಅದಕ್ಕೆ ಜೊತೆಯಾಗಿ ಕಣ್ಣಿಗೆ ಕಾಣುವ ಲಕ್ಷಣವಿರುವ ಇನ್ನೊಂದು ಉದಾಹರಣೆ ಬೇಕೆನಿಸಿತು. ಆಗ ನನಗೆ ನೆನಪಾದದ್ದು ನನ್ನದೇ ಮನೆಯ ಉಪ್ಪುನೀರಿನ ಮೀನಿನ ತೊಟ್ಟಿ. ಅದರಲ್ಲಿ ಎರಡು ಕ್ಲೌನ್ ಮೀನುಗಳಿದ್ದವು. ಹೊಸದಾಗಿ ತಂದ ಒಂದು ಮೀನನ್ನು ಪ್ರತ್ಯೇಕವಾಗಿಡದೆ ನೇರವಾಗಿ ಅದಕ್ಕೇ ಬಿಟ್ಟೆ. ಕೆಲವೇ ದಿನಗಳಲ್ಲಿ ಮೂರೂ ಮೀನುಗಳ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಒಂದು ವಾರದಲ್ಲಿ ಚುಕ್ಕೆಗಳು ತಾವಾಗಿಯೇ ಹೋದವು. ವಾಸಿಯಾಯಿತೆಂದು ನಾನು ಸಂತೋಷಪಟ್ಟೆ. ಎರಡನೆಯ ವಾರ ಚುಕ್ಕೆಗಳು ಹತ್ತು ಪಟ್ಟಾಗಿ ಮರಳಿದವು, ಮೀನುಗಳು ಉಸಿರಾಡಲು ಒದ್ದಾಡಿ ಒಂದೊಂದಾಗಿ ಸತ್ತವು. ನಾನು ಮಾಡಿದ ತಪ್ಪನ್ನೇ ಪಾಠದ ಪ್ರಶ್ನೆಯಾಗಿಸಬಹುದೆಂದು ನಿಶ್ಚಯಿಸಿದೆ.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಈ ರೋಗಕ್ಕೆ ಕಾರಣ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಲೋಮಾಂಗವುಳ್ಳ ಏಕಕೋಶ ಜೀವಿ. 1951ರಲ್ಲಿ ಬ್ರೌನ್ ಇದಕ್ಕೆ ಈ ಹೆಸರನ್ನಿತ್ತರು. ಇದರ ಜೀವನಚಕ್ರದಲ್ಲಿ ಮಲೇರಿಯಾದಲ್ಲಿರುವಂತೆ ಸೊಳ್ಳೆಯಂಥ ವಾಹಕವಿಲ್ಲ. ಮೀನು ಮತ್ತು ತೊಟ್ಟಿ, ಇವೆರಡರ ನಡುವೆಯೇ ಚಕ್ರ ಪೂರ್ಣಗೊಳ್ಳುತ್ತದೆ.

1. ತಿನ್ನುವ ಹಂತ: ಜೀವಿ ಮೀನಿನ ಚರ್ಮ ಮತ್ತು ಕಿವಿರುಗಳ ಮೇಲ್ಪದರದ ಅಡಿಯಲ್ಲಿ ಸೇರಿಕೊಂಡು ಅಲ್ಲಿನ ಅಂಗಾಂಶವನ್ನು ತಿನ್ನುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಅವಧಿ 3ರಿಂದ 7 ದಿನ. ಚರ್ಮದ ಅಡಿಯಲ್ಲಿರುವುದರಿಂದ ನೀರಿಗೆ ಹಾಕಿದ ಔಷಧಿ ಇದನ್ನು ಮುಟ್ಟುವುದಿಲ್ಲ.

2. ಕವಚದ ಹಂತ: ತಿಂದು ಬೆಳೆದ ಜೀವಿ ಮೀನನ್ನು ಬಿಟ್ಟು ಕೆಳಗಿಳಿದು, ಮರಳು, ಕಲ್ಲು ಅಥವಾ ಗಾಜಿಗೆ ಅಂಟಿಕೊಂಡು ಸುತ್ತ ಗಟ್ಟಿ ಕವಚವನ್ನು ಕಟ್ಟಿಕೊಳ್ಳುತ್ತದೆ. ಒಳಗೆ ಅದು ಮತ್ತೆ ಮತ್ತೆ ವಿಭಜನೆಗೊಂಡು ಇನ್ನೂರರಷ್ಟು ಮರಿಗಳಾಗಬಲ್ಲದು. ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ ಕವಚ ಒಡೆಯುತ್ತದೆ. ಎಲ್ಲ ಕವಚಗಳೂ ಒಂದೇ ದಿನ ಒಡೆಯುವುದಿಲ್ಲ. 72ನೆಯ ದಿನ ಮರಿಗಳು ಹೊರಬಂದದ್ದೂ ದಾಖಲಾಗಿದೆ. ಈ ಹಂತಕ್ಕೂ ಔಷಧಿ ತಾಗುವುದಿಲ್ಲ.

3. ಈಜುವ ಹಂತ: ಹೊರಬಂದ ಮರಿಗಳು ಮೀನನ್ನು ಹುಡುಕುತ್ತ ಈಜುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿಗೆ ಸಿಕ್ಕಿಬೀಳುವುದು ಈ ಹಂತ ಮಾತ್ರ.

ಸಿಹಿನೀರಿನ ಮೀನುಗಳಲ್ಲಿಯೂ ಇಂಥದೇ ಬಿಳಿ ಚುಕ್ಕೆ ರೋಗವಿದೆ. ಅದನ್ನು ತರುವ ಇಕ್ತಿಯೊಫ್ತಿರಿಯಸ್ ಇದರ ಹತ್ತಿರದ ಬಂಧುವಲ್ಲ, ಬದುಕುವ ರೀತಿಯಲ್ಲಿ ಮಾತ್ರ ಹೋಲಿಕೆಯಿದೆ. ಸಿಹಿನೀರಿನಲ್ಲಿ ಉಪ್ಪು ಹಾಕಿ ಅದನ್ನು ಹತೋಟಿಗೆ ತರುತ್ತಾರೆ, ಕಡಲನೀರಿನಲ್ಲಿ ಉಪ್ಪನ್ನು ಇಳಿಸುತ್ತಾರೆ. ಲಕ್ಷಣ ಒಂದೇ ಆದರೂ ಚಿಕಿತ್ಸೆ ತಿರುಗುಮುರುಗು. ಈ ಅಂಶ ಮಕ್ಕಳನ್ನು ಬಹಳ ಸೆಳೆಯುತ್ತದೆ.

ಮೊದಲ ಪಾಠ: ‘ಎ’ ವಿಭಾಗ

ಪೂರ್ವಜ್ಞಾನ ಪರೀಕ್ಷೆಯಲ್ಲಿ ಪ್ರೋಟೋಜೋವಾ ಎಂದರೇನು, ಮಲೇರಿಯಾ ಹೇಗೆ ಹರಡುತ್ತದೆ ಎಂದು ಕೇಳಿದೆ. ಉತ್ತರಗಳು ಬಂದವು. ನಂತರ ಬಣ್ಣದ ಚಾರ್ಟನ್ನು ತೂಗುಹಾಕಿದೆ. ವೃತ್ತಾಕಾರದಲ್ಲಿ ಮೂರು ಹಂತಗಳು, ನಡುವೆ ಬಾಣಗಳು. ಒಂದೊಂದನ್ನೂ ವಿವರಿಸಿದೆ, ಕಪ್ಪುಹಲಗೆಯಲ್ಲಿ ಬರೆದೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮೌಲ್ಯಮಾಪನದಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳಿದಾಗ ಹೆಚ್ಚಿನವರು ಸರಿಯಾಗಿಯೇ ಬರೆದರು. ಗಂಟೆ ಬಾರಿಸಲು ಐದು ನಿಮಿಷವಿತ್ತು. ಯೋಜನೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದೆ: “ಔಷಧಿಯನ್ನು ಯಾವಾಗ ನಿಲ್ಲಿಸಬೇಕು?”

“ಚುಕ್ಕೆ ಹೋದ ಕೂಡಲೇ ಟೀಚರ್” ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಹೇಳಿತು.

ಮೂರೂ ಹಂತಗಳನ್ನು ತಪ್ಪಿಲ್ಲದೆ ಬರೆದ ಮಕ್ಕಳೇ, ನನ್ನ ಮೀನುಗಳನ್ನು ಕೊಂದ ಉತ್ತರವನ್ನು ಕೊಟ್ಟಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಸಹಜವಾಗಿ ಸೇರಿಸಿದ: “ನಮ್ಮ ಅಪ್ಪನಿಗೆ ಮಲೇರಿಯಾ ಬಂದಾಗಲೂ ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸಿದ್ರು. ಆಮೇಲೆ ಪುನಃ ಬಂತು.” ಅದನ್ನು ಕೇಳಿ ಪಾಠ ಎಲ್ಲಿ ಸೋತಿತೆಂದು ತಿಳಿಯಿತು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಚಾರ್ಟಿನಲ್ಲಿ ಹಂತಗಳಿವೆ, ದಿನಗಳಿಲ್ಲ.

ಎರಡನೆಯ ಪಾಠ: ‘ಬಿ’ ವಿಭಾಗ

ಕಲಿಕಾ ಫಲವನ್ನೇ ಬದಲಿಸಿದೆ. ಮೊದಲ ಯೋಜನೆಯಲ್ಲಿ “ಜೀವನಚಕ್ರದ ಹಂತಗಳನ್ನು ಹೆಸರಿಸುವರು” ಎಂದಿತ್ತು. ಈಗ “ಲಕ್ಷಣ ಮರೆಯಾದ ಮೇಲೂ ಚಿಕಿತ್ಸೆ ಏಕೆ ಮುಂದುವರಿಯಬೇಕೆಂದು ಜೀವನಚಕ್ರದ ಆಧಾರದಿಂದ ವಿವರಿಸುವರು” ಎಂದು ಬರೆದೆ.

ಉಪಕರಣಗಳು: ಸೀಮೆಸುಣ್ಣ, 10 ಹುಣಸೆ ಬೀಜ, 10 ಚೀಟಿ, ಒಂದು ಲೀಟರಿನ ಎರಡು ಬಾಟಲಿ, ಉಪ್ಪು, ತಕ್ಕಡಿ.

ನೆಲದ ಮೇಲೆ 1ರಿಂದ 30ರವರೆಗೆ ಮನೆಗಳನ್ನು ಬರೆಸಿದೆ. ಒಂದು ಮನೆಗೆ ಒಂದು ದಿನ. ಹತ್ತು ಮಕ್ಕಳ ಕೈಯಲ್ಲಿ ಒಂದೊಂದು ಹುಣಸೆ ಬೀಜ. ಅದು ಮೊದಲ ದಿನ ಮೀನಿನ ಮೈ ಸೇರಿದ ಒಂದು ಪರಾವಲಂಬಿ. ಪ್ರತಿಯೊಬ್ಬರ ಚೀಟಿಯಲ್ಲಿ ಆ ಪರಾವಲಂಬಿಯ ಕವಚ ಒಡೆಯುವ ದಿನವಿತ್ತು: 8, 9, 9, 10, 11, 12, 13, 15, 18, 26. ಇವು ಪ್ರಯೋಗದ ಅಂಕಿಗಳಲ್ಲ, ಮೇಲೆ ಹೇಳಿದ ಅವಧಿಗಳ ಮಿತಿಯೊಳಗೆ ನಾನೇ ಆಯ್ದವು ಎಂಬುದನ್ನು ಮಕ್ಕಳಿಗೂ ಹೇಳಿದೆ. ನಿಜವಾದ ತೊಟ್ಟಿಯಲ್ಲಿ ಹಳೆಯ ಕವಚಗಳೂ ಇರುತ್ತವೆ. ಲೆಕ್ಕ ಸರಳವಾಗಿರಲೆಂದು ಅವನ್ನು ಬಿಟ್ಟಿದ್ದೆ.

ಒಬ್ಬಳು ದಿನಗಳನ್ನು ಕೂಗುತ್ತ ಹೋದಳು. 3ನೆಯ ದಿನದಿಂದ ಬೀಜಗಳು ‘ಮೀನಿ’ನಿಂದ ನೆಲಕ್ಕಿಳಿದವು. 7ನೆಯ ದಿನ ಮೀನಿನ ಮೈಮೇಲೆ ಒಂದೂ ಚುಕ್ಕೆಯಿಲ್ಲ. ಅಲ್ಲಿ ಆಟವನ್ನು ನಿಲ್ಲಿಸಿ ಕೇಳಿದೆ: “ಮೊದಲ ದಿನದಿಂದ ಔಷಧಿ ಹಾಕಿದ್ದೇವೆ. ಈಗ ಚುಕ್ಕೆ ಇಲ್ಲ. ನಿಲ್ಲಿಸೋಣವೇ?” ಹೆಚ್ಚಿನವರು ಹೌದೆಂದರು. “ಹಾಗಾದರೆ ಇಷ್ಟು ದಿನದಲ್ಲಿ ನಮ್ಮ ಔಷಧಿ ಎಷ್ಟು ಪರಾವಲಂಬಿಗಳನ್ನು ಕೊಂದಿದೆ? ಚೀಟಿ ನೋಡಿ ಹೇಳಿ.”

ಚೀಟಿಗಳನ್ನು ತಿರುಗಿಸಿದರು. ಒಂದೂ 7ರೊಳಗಿರಲಿಲ್ಲ. ಔಷಧಿ ಕೊಂದದ್ದು ಸೊನ್ನೆ. ಚುಕ್ಕೆ ಹೋದದ್ದು ಔಷಧಿಯಿಂದಲ್ಲ, ಪರಾವಲಂಬಿ ಹೊಟ್ಟೆ ತುಂಬಿಸಿಕೊಂಡು ಇಳಿದುಹೋದದ್ದರಿಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಪಾಠ ನಡೆದದ್ದು ಆ ಮೌನದಲ್ಲಿ ಎಂದೇ ನನ್ನ ಭಾವನೆ.

ಆಟ ಮುಂದುವರಿಯಿತು. 21ನೆಯ ದಿನಕ್ಕೆ ಒಂಬತ್ತು ಚೀಟಿಗಳು ಮುಗಿದವು. 26ರ ಚೀಟಿ ಹಿಡಿದ ಹುಡುಗ “ನಾನು ಇನ್ನೂ ಬದುಕಿದ್ದೇನೆ!” ಎಂದು ಕುಣಿದ. ಆಗ ಒಬ್ಬ ಹುಡುಗಿ ಕೇಳಿದಳು: “ಟೀಚರ್, ಮೀನನ್ನೇ ಆ ತೊಟ್ಟಿಯಿಂದ ತೆಗೆದುಬಿಟ್ಟರೆ, ಇವನು ಹೊರಗೆ ಬಂದು ತಿನ್ನುವುದೇನು?” ನಾನು ಹೇಳಿಕೊಡಬೇಕೆಂದಿದ್ದ ಮುಖ್ಯ ಮಾರ್ಗವನ್ನು ಅವಳೇ ಕಂಡುಕೊಂಡಿದ್ದಳು.

ನಿರ್ಮೂಲನದ ಮಾರ್ಗಗಳು

ಪ್ರತಿಯೊಂದು ಮಾರ್ಗಕ್ಕೂ ‘ಇದು ಯಾವ ಹಂತವನ್ನು ಹಿಡಿಯುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಹಲಗೆಯ ಮೇಲೆ ಪಟ್ಟಿ ಮಾಡಿಸಿದೆ.

ಖಾಲಿ ಬಿಡುವುದು: ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಸಾಗಿಸಿ ಮುಖ್ಯ ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕು. ಹವಳ, ಸೀಗಡಿಗಳು ಅಲ್ಲೇ ಇರಬಹುದು, ಈ ಪರಾವಲಂಬಿ ಅವನ್ನು ತಿನ್ನುವುದಿಲ್ಲ. 72 ದಿನಗಳ ದಾಖಲೆಯನ್ನು ಗಮನದಲ್ಲಿಟ್ಟು ಅನೇಕ ಸಾಕಣೆಗಾರರು 76 ದಿನ ಕಾಯುತ್ತಾರೆ. ಈಜುವ ಮರಿಗಳು ಹಸಿವಿನಿಂದ ಸಾಯುತ್ತವೆ.

ತಾಮ್ರ: ಬೇರೆ ತೊಟ್ಟಿಯಲ್ಲಿರುವ ಮೀನುಗಳಿಗೆ ತಾಮ್ರದ ಸಲ್ಫೇಟ್. ನೀರಿನಲ್ಲಿ ತಾಮ್ರದ ಅಯಾನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರುವಂತೆ ಸುಮಾರು 3 ವಾರ ಕಾಯ್ದುಕೊಳ್ಳಬೇಕು. ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಮೀನಿಗೇ ವಿಷ. ಸುಣ್ಣದ ಅಂಶದ ಕಲ್ಲು, ಹವಳದ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ತೊಟ್ಟಿ ಬರಿದಾಗಿರಬೇಕು, ಪ್ರತಿದಿನ ಅಳೆಯಬೇಕು. ಹವಳ, ಸೀಗಡಿಗಳಿಗೆ ತಾಮ್ರ ಮಾರಕವಾದ್ದರಿಂದ ಮುಖ್ಯ ತೊಟ್ಟಿಗೆ ಎಂದಿಗೂ ಹಾಕಬಾರದು. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಗಮನಿಸಬೇಕು. 26ರ ಚೀಟಿಯ ಹುಡುಗ ಇದಕ್ಕೆ ಸಾಕ್ಷಿ.

ಉಪ್ಪನ್ನು ಇಳಿಸುವುದು: ಕಡಲನೀರಿನ ಒಂದು ಸಾವಿರ ಭಾಗದಲ್ಲಿ ಸುಮಾರು 35 ಭಾಗ ಉಪ್ಪಿರುತ್ತದೆ. ಅದನ್ನು ನಿಧಾನವಾಗಿ 15-16ಕ್ಕೆ ಇಳಿಸಿ 3-4 ವಾರ ಹಾಗೇ ಇಟ್ಟರೆ ಪರಾವಲಂಬಿಗೆ ಬದುಕಲಾಗದು. ಎಲುಬುಳ್ಳ ಬಹಳಷ್ಟು ಮೀನುಗಳು ತಡೆದುಕೊಳ್ಳುತ್ತವೆ, ಏಕೆಂದರೆ ಅವುಗಳ ದೇಹದ್ರವದ ಉಪ್ಪು ಕಡಲನೀರಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹವಳಗಳು ತಡೆಯವು. ಮಕ್ಕಳು ಒಂದು ಬಾಟಲಿಯಲ್ಲಿ 35 ಗ್ರಾಂ, ಇನ್ನೊಂದರಲ್ಲಿ 16 ಗ್ರಾಂ ಉಪ್ಪನ್ನು ತೂಗಿ ಕರಗಿಸಿ ಅಂತರವನ್ನು ಕಂಡರು. ಇದು ತೋರಿಸಲು ಮಾತ್ರ. ತೊಟ್ಟಿಗೆ ಅಡುಗೆ ಉಪ್ಪು ಸಲ್ಲದು, ಕಡಲ ಲವಣಗಳ ಮಿಶ್ರಣವೇ ಬೇಕು.

ತೊಟ್ಟಿ ಬದಲಿಸುವುದು: ಮೀನನ್ನು 3 ದಿನಕ್ಕೊಮ್ಮೆ, ಒಟ್ಟು 4 ಬಾರಿ, ಸ್ವಚ್ಛವಾದ ಬೇರೆ ತೊಟ್ಟಿಗೆ ಸಾಗಿಸಿ ಹಳೆಯದನ್ನು ತೊಳೆದು ಪೂರ್ತಿ ಒಣಗಿಸುವುದು. ಹಳೆಯ ನೀರಾಗಲಿ ಒದ್ದೆ ಬಲೆಯಾಗಲಿ ಜೊತೆಗೆ ಹೋಗಬಾರದು. ಇದು ಏಕೆ ಫಲಿಸುತ್ತದೆಂದು ಮಕ್ಕಳೇ ಲೆಕ್ಕ ಹಾಕಿದರು. ಕವಚ ಒಡೆಯಲು ಕನಿಷ್ಠ 3 ದಿನ ಬೇಕು, ಅಷ್ಟರಲ್ಲಿ ಮೀನು ಅಲ್ಲಿಲ್ಲ. ಎಲ್ಲ ಚುಕ್ಕೆಗಳೂ ಇಳಿಯಲು ಹೆಚ್ಚೆಂದರೆ 7 ದಿನ, ನಾವು ಸಾಗಿಸುವುದು 12 ದಿನಗಳವರೆಗೆ. ಔಷಧಿಯೇ ಇಲ್ಲದ ಚಿಕಿತ್ಸೆ ಇದು.

ಎಲ್ಲಕ್ಕಿಂತ ಮೊದಲಿನದು ತಡೆ: ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಪ್ರತ್ಯೇಕವಾಗಿಡುವುದು. ಚುಕ್ಕೆ ಕಾಣದ ಮೀನಿನ ಕಿವಿರಿನಲ್ಲೂ ಪರಾವಲಂಬಿ ಇರಬಹುದು.

ಮಲೇರಿಯಾಕ್ಕೆ ಮರಳುವುದು

ಕೊನೆಯ ಹತ್ತು ನಿಮಿಷವನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೆ. ವೈವಾಕ್ಸ್ ಮಲೇರಿಯಾಕ್ಕೆ ನಮ್ಮ ದೇಶದಲ್ಲಿ 3 ದಿನ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಪರಾವಲಂಬಿಯ ಒಂದು ರೂಪ ಯಕೃತ್ತಿನಲ್ಲಿ ಸದ್ದಿಲ್ಲದೆ ಉಳಿದು ವಾರಗಳ, ತಿಂಗಳುಗಳ ನಂತರ ರೋಗವನ್ನು ಮರಳಿಸಬಲ್ಲದು. 14 ದಿನಗಳ ಮಾತ್ರೆ ಇರುವುದು ಆ ರೂಪಕ್ಕಾಗಿ. ಇಲ್ಲಿ ಹೋಲಿಕೆಯ ಮಿತಿಯನ್ನೂ ಹೇಳಬೇಕು. ಮೀನಿನ ಪರಾವಲಂಬಿ ಅಡಗುವುದು ದೇಹದ ಹೊರಗೆ, ತೊಟ್ಟಿಯಲ್ಲಿ. ವೈವಾಕ್ಸ್ ಅಡಗುವುದು ದೇಹದ ಒಳಗೆ. ಹೇಳದಿದ್ದರೆ ಒಂದು ತಪ್ಪು ಕಲ್ಪನೆಯನ್ನು ತೆಗೆದು ಇನ್ನೊಂದನ್ನು ತುಂಬಿದಂತಾಗುತ್ತದೆ.

ಮೌಲ್ಯಮಾಪನ ಮತ್ತು ಆತ್ಮಾವಲೋಕನ

ಚಿತ್ರ ಬರೆಯಲು ಹೇಳಲಿಲ್ಲ. ಮೂರು ಪ್ರಶ್ನೆ ಕೊಟ್ಟೆ: 7ನೆಯ ದಿನ ಔಷಧಿ ನಿಲ್ಲಿಸಿದವನಿಗೆ ನೀವು ಏನು ಹೇಳುವಿರಿ? ಹವಳವಿರುವ ತೊಟ್ಟಿಗೆ ಯಾವ ಮಾರ್ಗವನ್ನು ಆರಿಸುವಿರಿ, ಏಕೆ? ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದ ಮನೆಯವರಿಗೆ ಹೇಗೆ ತಿಳಿಸುವಿರಿ? ಉತ್ತರಗಳಲ್ಲಿ ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು, ಹಂತಗಳ ಹೆಸರುಗಳು ಅದಲುಬದಲಾಗಿದ್ದವು. ಆದರೂ “ಕಾಣದ್ದು ಇಲ್ಲವೆಂದಲ್ಲ” ಎಂಬ ಅರ್ಥ ಹೆಚ್ಚಿನ ಹಾಳೆಗಳಲ್ಲಿತ್ತು.

ಕೊರತೆಗಳೂ ಇವೆ. ಆಟಕ್ಕೆ ಒಂದು ಅವಧಿ ಸಾಲದು, ಎರಡು ಅವಧಿಗಳನ್ನು ಜೋಡಿಸಿಕೊಳ್ಳುವುದು ಒಳ್ಳೆಯದು. ಬೀಜ ಹಿಡಿದ ಹತ್ತು ಮಂದಿಗಷ್ಟೇ ಕೆಲಸವಿತ್ತು. ಉಳಿದವರಿಗೆ ದಿನವಹಿ ಲೆಕ್ಕದ ಪಟ್ಟಿಯನ್ನು ಕೊಡಬೇಕಿತ್ತು. ತಾಮ್ರದ ಸಲ್ಫೇಟನ್ನು ಮಕ್ಕಳ ಕೈಗೆ ಕೊಡಬಾರದು, ವಿವರಣೆ ಸಾಕು.

ಮರುವಾರ ‘ಎ’ ವಿಭಾಗಕ್ಕೂ ಹೋಗಿ ಹುಣಸೆ ಬೀಜಗಳನ್ನು ಹಂಚಿದೆ. 26ರ ಚೀಟಿಯನ್ನು ಹಿಂದಿನ ಬೆಂಚಿನ ಆ ಹುಡುಗನಿಗೇ ಕೊಟ್ಟೆ. ಆಟ ಮುಗಿದ ಮೇಲೆ ಅವನು ಚೀಟಿಯನ್ನು ಹಿಂದಿರುಗಿಸಲಿಲ್ಲ. “ಅಪ್ಪನಿಗೆ ತೋರಿಸಬೇಕು” ಎಂದು ಅಂಗಿಯ ಜೇಬಿನಲ್ಲಿಟ್ಟುಕೊಂಡ.