ದೊಡ್ಡ ಪರದೆಯ ಲೆಕ್ಕಾಚಾರ

ಕನ್ನಡ ಪುಸ್ತಕಗಳ ಕರಡು ತಿದ್ದುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡು ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿರುವ ನನಗೆ ಗಣಕಯಂತ್ರದ ಪರದೆಯು ದುಡಿಮೆಯ ಉಪಕರಣವಾದುದರಿಂದ, ಅದರ ಖರೀದಿಯನ್ನು ಹಬ್ಬದ ರಿಯಾಯಿತಿಯ ಭರಾಟೆಗೆ ಒಪ್ಪಿಸದೆ, ಅದು ಎಷ್ಟು ವರ್ಷ ಬಾಳುವುದು, ಕಣ್ಣಿಗೆ ಎಷ್ಟು ಹಿತ, ವರ್ಷವೊಂದಕ್ಕೆ ತಗಲುವ ವೆಚ್ಚವೆಷ್ಟು ಎಂದು ವಿಚಾರಿಸಿಯೇ ನಿಶ್ಚಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿ, ಊರಿನವರೆಲ್ಲ ಸಿಟಿಸಿ ಎಂದೇ ಕರೆಯುವ ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಯೊಂದರಲ್ಲಿ, 27 ಅಂಗುಲದ ಎರಡು ಮಾನಿಟರುಗಳನ್ನು ಪಕ್ಕಪಕ್ಕದಲ್ಲಿ ಇರಿಸಿ, ನನ್ನ ಪೆನ್ ಡ್ರೈವಿನಲ್ಲಿದ್ದ ಕನ್ನಡ ಪುಟವೊಂದನ್ನು ಎರಡರಲ್ಲಿಯೂ ತೆರೆಯಿಸಿದೆನು. 1920×1080 ಪಿಕ್ಸೆಲ್‌ಗಳ ಪರದೆಯಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಮೊದಲಾದ ಶಬ್ದಗಳ ಒತ್ತಕ್ಷರಗಳು ಒಂದರೊಡನೊಂದು ಕಲೆತು ಮಸಕಾಗಿದ್ದರೆ, 2560×1440ರ ಪರದೆಯಲ್ಲಿ ರಕಾರದ ಸಣ್ಣ ಕೊಂಕೂ ಬೇರೆಯಾಗಿ ಕಾಣುತ್ತಿತ್ತು. ಮೊದಲನೆಯದರಲ್ಲಿ ಅಂಗುಲವೊಂದಕ್ಕೆ ಸುಮಾರು 82 ಪಿಕ್ಸೆಲ್‌ಗಳು, ಎರಡನೆಯದರಲ್ಲಿ 109; ಅಕ್ಷರದ ಕೆಳಗೆ ಅಕ್ಷರವನ್ನು ಹೊರುವ ನಮ್ಮ ಲಿಪಿಗೆ ಈ ಅಂತರವು ಬಹುಮುಖ್ಯವಾದುದು. ಬಳಿಕ ಈ ಎರಡನೆಯ ಪರದೆಯನ್ನು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ವರ್ಣಗಳಿಂದ ಕ್ರಮವಾಗಿ ತುಂಬಿಸಿ, ಸತ್ತ ಪಿಕ್ಸೆಲ್ ಇಲ್ಲವೆಂಬುದನ್ನು ಕಂಡುಕೊಂಡ ಮೇಲೆಯೇ ಬಿಲ್ ಬರೆಯಿಸಿದೆನು.

ಬೆಲೆ 18,000 ರೂಪಾಯಿ, ಅದರಲ್ಲಿ ಶೇ. 18ರ ಜಿಎಸ್‌ಟಿಯ ಪಾಲು 2,746 ರೂಪಾಯಿ. 32 ಅಂಗುಲವನ್ನು ಮೀರಿದ ಪರದೆಗಳ ಮೇಲೆ ಶೇ. 28ರಷ್ಟಿದ್ದ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಇನ್ನೂ ದೊಡ್ಡದನ್ನು ಕೊಳ್ಳುವ ಪ್ರಲೋಭನೆ ಸಹಜವೇ. ಆದರೆ ನನ್ನ ಮೇಜಿನ ಮುಂದೆ ತೋಳಿನಳತೆಯ ದೂರದಲ್ಲಿ ಕುಳಿತಾಗ, ಸುಮಾರು 60 ಸೆಂಟಿಮೀಟರ್ ಅಗಲದ ಈ ಪರದೆಯನ್ನು ಕತ್ತು ಹೊರಳಿಸದೆಯೇ ಓದಬಹುದಾಗಿದೆ. ಎ4 ಅಳತೆಯ ಎರಡು ಪುಟಗಳು ನಿಜಪ್ರಮಾಣದಲ್ಲಿಯೇ ಇದರಲ್ಲಿ ಹಿಡಿಯುವುದರಿಂದ, ಮೂಲವನ್ನೂ ಕರಡನ್ನೂ ಎದುರುಬದುರಾಗಿ ಇಟ್ಟುಕೊಂಡು ತಿದ್ದುತ್ತೇನೆ. ಮುದ್ರಿಸಿ ತಾಳೆನೋಡುವ ಕಾಗದ ಮತ್ತು ಶಾಯಿಯ ಖರ್ಚು ಬಹುಮಟ್ಟಿಗೆ ತಪ್ಪಿದೆ.

ಅಂಗಡಿಯವರು ನೋ ಕಾಸ್ಟ್ ಇಎಂಐಯನ್ನು ಸೂಚಿಸಿದರು. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆದರೂ, ಆ ಬಡ್ಡಿಯ ಮೇಲಿನ ಜಿಎಸ್‌ಟಿಯೂ, ಅನೇಕ ವೇಳೆ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕವೂ ಗ್ರಾಹಕನ ಪಾಲಿಗೇ ಬರುತ್ತವೆ. ತಿಂಗಳಿಗೆ 1,500 ರೂಪಾಯಿಯಂತೆ ಒಂದು ವರ್ಷ ಆರ್‌ಡಿ ಕಟ್ಟಿ ಕೂಡಿಟ್ಟ ಹಣ ಕೈಯಲ್ಲಿದ್ದುದರಿಂದ, ಕಂತಿನ ಗೊಡವೆಗೆ ಹೋಗದೆ ಒಂದೇ ಸಲಕ್ಕೆ ಕೊಟ್ಟು ತಂದೆನು.

ಆರು ವರ್ಷ ಬಾಳಿದರೆ ವರ್ಷಕ್ಕೆ 3,000, ತಿಂಗಳಿಗೆ 250 ರೂಪಾಯಿ. 30 ವ್ಯಾಟ್‌ನ ಪರದೆ ದಿನಕ್ಕೆ ಎಂಟು ಗಂಟೆ ಉರಿದರೂ ತಿಂಗಳಿಗೆ 7.2 ಯೂನಿಟ್; ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 58 ರೂಪಾಯಿ ದಾಟದು. ಲ್ಯಾಪ್‌ಟಾಪ್ ಹಳತಾಗಿ ಹೊಸದು ಬಂದಾಗಲೂ ಕೇಬಲ್ ಜೋಡಿಸಿದರೆ ಇದೇ ಮಾನಿಟರ್ ಮುಂದುವರಿಯುವುದರಿಂದ, ಮನೆಯಿಂದಲೇ ದುಡಿಯುವವರು ವೇಗದ ಪ್ರೊಸೆಸರಿಗಿಂತ ಮೊದಲು ಒಳ್ಳೆಯ ಪರದೆಗೆ ಹಣ ತೆಗೆದಿಡುವುದು ಲೇಸು. ಕೊಳ್ಳಲು ಹೋಗುವಾಗ ದಿನವೂ ತಾವು ಓದುವ ಪುಟವೊಂದನ್ನು ಜೊತೆಯಲ್ಲಿ ಒಯ್ಯುವುದನ್ನು ಮರೆಯಬಾರದು.