ನೆಲ ಮತ್ತು ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಈ ಎರಡು ಕಾರ್ಯಗಳೂ ಕೂಡಿಟ್ಟ ಗಂಟನ್ನು ಕರಗಿಸಿ ಮನುಷ್ಯನನ್ನು ಸಾಲಕ್ಕೆ ಗುರಿಮಾಡುತ್ತವೆ ಎಂಬುದು ಇದರ ತಾತ್ಪರ್ಯ. ಆದರೆ ಈ ಗಾದೆಯನ್ನು ಮೊದಲು ಆಡಿದವನಿಗೆ ಮನೆ ಕಟ್ಟಲು ಒಂದಿಷ್ಟು ಜಾಗವಾದರೂ ಇದ್ದಿರಬೇಕು. ಹಳ್ಳಿಗಳಲ್ಲಿ ಅದೂ ಇಲ್ಲದೆ ಬಾಳಿದ ಜನ ಅಸಂಖ್ಯರು. ಹೊಲದ ಬದುವಿನ ಮೇಲೋ, ಕೆರೆಯ ಅಂಗಳದಲ್ಲೋ, ರಸ್ತೆಯ ಮಗ್ಗುಲಲ್ಲೋ ನಾಲ್ಕು ಗೂಟ ನೆಟ್ಟು, ಗರಿ ಹೊದಿಸಿ, ಅದನ್ನೇ ಮನೆಯೆಂದು ಕರೆದವರು ಅವರು. ಅಂಥವರಿಗೆ ಮನೆಯ ಪ್ರಶ್ನೆ ಗೋಡೆಯಿಂದ ಆರಂಭವಾಗುವುದಿಲ್ಲ, ನೆಲದಿಂದ ಆರಂಭವಾಗುತ್ತದೆ.

ಹಿಂದೆ ಹಳ್ಳಿಯ ಮನೆಗೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಊರ ಸುತ್ತಲೇ ದೊರೆಯುತ್ತಿತ್ತು. ಕರಾವಳಿಯಲ್ಲಿ ಕೆಂಪುಕಲ್ಲು, ಮಲೆನಾಡಿನಲ್ಲಿ ಮರ ಮತ್ತು ಅಡಕೆಯ ಸೋಗೆ, ಕೋಲಾರ ತುಮಕೂರುಗಳ ಕಡೆ ಮಣ್ಣಿನ ಗೋಡೆ ಮತ್ತು ಕಲ್ಲುಚಪ್ಪಡಿ, ಕಲಬುರಗಿಯ ಕಡೆ ಶಹಾಬಾದದ ಹಾಸುಗಲ್ಲು, ಉತ್ತರದ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ – ಹೀಗೆ ಆಯಾ ನೆಲದ ಗುಣಕ್ಕೆ ತಕ್ಕಂತೆ ಮನೆಗಳು ಎದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹೆಂಚು ದೂರದೂರದ ಊರುಗಳಿಗೂ ಹರಡಿತು. ಕೆಲಸಕ್ಕೆ ಜನ ಸಾಲದಿದ್ದರೆ ಮುಯ್ಯಾಳಿನ ಪದ್ಧತಿ ಇತ್ತು. ಇಂದು ಅವನ ಸೂರು ಹೊದಿಸಲು ಇವನು ಹೋದರೆ, ನಾಳೆ ಇವನ ಗೋಡೆ ಹಾಕಲು ಅವನು ಬರುತ್ತಿದ್ದನು. ಹಾಗೆಂದು ಆ ಮನೆಗಳನ್ನು ಬರಿದೆ ಹೊಗಳಲಾಗದು. ಹುಲ್ಲಿನ ಸೂರನ್ನು ಪದೇಪದೇ ಹೊಸದಾಗಿ ಹೊದಿಸಬೇಕಾಗಿತ್ತು; ಬೇಸಿಗೆಯಲ್ಲಿ ಬೆಂಕಿಯ ಭಯ, ಜಡಿಮಳೆ ಹಿಡಿದರೆ ಗೋಡೆ ಕುಸಿಯುವ ಭಯ ತಪ್ಪಿದ್ದಲ್ಲ. ಮುಂದೆ ಕಾಡು ಹಿಂದೆ ಸರಿದು ಮರವೂ ಹುಲ್ಲೂ ಬೆಲೆಯ ವಸ್ತುಗಳಾದಾಗ, ಮನೆ ಕಟ್ಟುವುದು ಹಣದಿಂದಲೇ ಆಗಬೇಕಾದ ಕೆಲಸವಾಯಿತು. ಹಣವಿಲ್ಲದವನು ಗುಡಿಸಲಿನಲ್ಲಿಯೇ ಉಳಿದನು.

ಸ್ವಾತಂತ್ರ್ಯಾನಂತರ ಸರ್ಕಾರವು ಈ ಕಡೆ ಗಮನ ಹರಿಸಿತು. 1957ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಅಂಗವಾಗಿ ಗ್ರಾಮ ವಸತಿ ಯೋಜನೆಯೊಂದು ಆರಂಭವಾಯಿತು. ಇದರಲ್ಲಿ ವ್ಯಕ್ತಿಗಳಿಗೂ ಸಹಕಾರ ಸಂಘಗಳಿಗೂ ಮನೆಯೊಂದಕ್ಕೆ ಗರಿಷ್ಠ 5,000 ರೂಪಾಯಿ ಸಾಲ ದೊರೆಯುತ್ತಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ ಸಾಲವೆಂದ ಮೇಲೆ ತೀರಿಸುವ ಶಕ್ತಿ ಬೇಕು, ಮನೆಯೆಂದ ಮೇಲೆ ನಿವೇಶನ ಬೇಕು. ಎರಡೂ ಇಲ್ಲದವರೇ ಹೆಚ್ಚಾಗಿದ್ದ ದೇಶದಲ್ಲಿ, ಐದನೆಯ ಪಂಚವಾರ್ಷಿಕ ಯೋಜನೆ ಮುಗಿಯುವ ವೇಳೆಗೆ ಈ ಕಾರ್ಯಕ್ರಮದಲ್ಲಿ ಕಟ್ಟಲ್ಪಟ್ಟ ಮನೆಗಳು ಕೇವಲ 67,000. ಲಕ್ಷಾಂತರ ಹಳ್ಳಿಗಳಿರುವ ನಾಡಿಗೆ ಇದು ಎಷ್ಟರ ಲೆಕ್ಕ?

ನಿವೇಶನವಿಲ್ಲದಿರುವುದು ಕೇವಲ ಒಂದು ಅನನುಕೂಲವಲ್ಲ. ಜಮೀನುದಾರನ ಹೊಲದಂಚಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಯವನ ಸ್ಥಿತಿಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅವನ ಗುಡಿಸಲು ಅವನದು; ಅದು ನಿಂತ ನೆಲ ಒಡೆಯನದು. ಕೂಲಿಯನ್ನು ಎಂಟಾಣೆ ಹೆಚ್ಚು ಕೊಡಿರೆಂದು ಕೇಳಿದರೆ, ಬೇರೆಯವರ ಹೊಲದ ಕೆಲಸಕ್ಕೆ ಹೋದರೆ, ಚುನಾವಣೆಯಲ್ಲಿ ಒಡೆಯನಿಗೆ ಒಪ್ಪದವರ ಕಡೆ ನಿಂತರೆ, ‘ನನ್ನ ಜಾಗ ಬಿಡು’ ಎಂಬ ಒಂದು ಮಾತು ಸಾಕಾಗಿತ್ತು. ಸಂಜೆಯೊಳಗೆ ಪಾತ್ರೆ ಪರಟೆಗಳೊಡನೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವನು ಎಲ್ಲಿಗೆ ಹೋದಾನು? ಆದಕಾರಣ ಅವನು ಕೇಳುತ್ತಲೇ ಇರಲಿಲ್ಲ. ಕಾಲಡಿಯ ನೆಲ ಪರರದಾಗಿದ್ದುದರಿಂದ ಬಾಯಿಯ ಮಾತೂ ಅವನದಾಗಿರಲಿಲ್ಲ.

1971ರಲ್ಲಿ ಕೇಂದ್ರ ಸರ್ಕಾರವು ಭೂಹೀನ ಕೃಷಿಕಾರ್ಮಿಕರಿಗೆ ಉಚಿತವಾಗಿ ನಿವೇಶನ ನೀಡುವ ಯೋಜನೆಯನ್ನು ಕೈಗೊಂಡಿತು. ಕುಟುಂಬವೊಂದಕ್ಕೆ ನೂರು ಚದರ ಗಜದಷ್ಟು ಜಾಗ ಎಂಬುದು ಅದರ ಲೆಕ್ಕ. 1974ರಲ್ಲಿ ಅದು ರಾಜ್ಯಗಳ ಹೊಣೆಯಾಯಿತು. ಕರ್ನಾಟಕದಲ್ಲಿ ಆಗ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದರು. ಭೂಸುಧಾರಣೆಯ ಕಾಯಿದೆ ಗೇಣಿದಾರರ ಬದುಕನ್ನು ಬದಲಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಅದೇ ಕಾಯಿದೆಯ 38ನೆಯ ಕಲಮು, ಪರರ ಜಮೀನಿನಲ್ಲಿ ವಾಸವಾಗಿದ್ದ ಕೃಷಿಕಾರ್ಮಿಕನನ್ನು ಅವನ ವಾಸದ ಮನೆಗೂ ಅದರ ಅಡಿಯ ನೆಲಕ್ಕೂ ಒಡೆಯನನ್ನಾಗಿಸುವ ದಾರಿಯನ್ನು ತೆರೆಯಿತು. ಉಳುವವನಿಗೆ ಹೊಲ ದೊರೆತ ಸುದ್ದಿ ಮಾಡಿದಷ್ಟು ಸದ್ದನ್ನು ಈ ಕಲಮು ಮಾಡಲಿಲ್ಲ. ಇದೇ ಕಾಲದಲ್ಲಿ ಬಡವರಿಗೆ ನಿವೇಶನ ಹಂಚಿ ‘ಜನತಾ ಮನೆ’ಗಳನ್ನು ಕಟ್ಟಿಸುವ ಕೆಲಸವೂ ನಡೆಯಿತು. ಇಂದಿಗೂ ಅನೇಕ ಊರುಗಳಲ್ಲಿ ‘ಜನತಾ ಕಾಲೊನಿ’ ಎಂಬ ಹೆಸರು ಉಳಿದಿದೆ. ಕೆಲವೆಡೆ ಈ ನಿವೇಶನಗಳು ಊರಿನಿಂದ ದೂರವಾದ, ನೀರಿಲ್ಲದ ಕಲ್ಲುನೆಲದಲ್ಲಿ ಬಿದ್ದುದು ದುರದೃಷ್ಟ. ಬಿಂದಿಗೆ ನೀರಿಗಾಗಿ ಮೈಲಿ ನಡೆಯಬೇಕಾದ ಮನೆಗೆ ಬೀಗ ಹಾಕಿ, ಜನ ಮತ್ತೆ ಹಳೆಯ ಗುಡಿಸಲಿಗೆ ಮರಳಿದರೆ ಅವರನ್ನು ದೂರುವಂತಿಲ್ಲ.

ನೆಲದ ಪ್ರಶ್ನೆ ಅಂದೇ ಬಗೆಹರಿಯಿತೆಂದು ಭಾವಿಸಬಾರದು. ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವವರು ತೋಟದ ಮಾಲೀಕರು ಕಟ್ಟಿಸಿದ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ಕೆಲಸವಿರುವವರೆಗೆ ಮನೆ, ಕೆಲಸ ಬಿಟ್ಟ ದಿನ ಮನೆಯೂ ಇಲ್ಲ. 2016ರಲ್ಲಿ ಇಂಥ ಅನೇಕ ಆದಿವಾಸಿ ಕುಟುಂಬಗಳು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅದು ಅರಣ್ಯಭೂಮಿಯೆಂಬ ಕಾರಣದಿಂದ ಆ ವರ್ಷದ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಚಳಿಯಲ್ಲಿ ಬಯಲಿಗೆ ಬಿದ್ದ ಜನ ಅಲ್ಲಿಂದ ಕದಲಲಿಲ್ಲ. ದೀರ್ಘ ಹೋರಾಟದ ಬಳಿಕ ಕುಶಾಲನಗರದ ಸಮೀಪದ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಅವರಿಗೆ ನೆಲೆ ಕಲ್ಪಿಸಲಾಯಿತು.

ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು, ಹಾಡಿಗಳು ಮತ್ತು ದೊಡ್ಡಿಗಳ ಕಥೆ ಇನ್ನೊಂದು ಬಗೆಯದು. ಇಲ್ಲಿ ಮನೆಗಳಿದ್ದವು, ಜನರಿದ್ದರು, ಮತದಾರರ ಪಟ್ಟಿಯಲ್ಲಿ ಹೆಸರುಗಳೂ ಇದ್ದವು. ಆದರೆ ಕಂದಾಯದ ದಾಖಲೆಯಲ್ಲಿ ಆ ಊರೇ ಇರಲಿಲ್ಲ. ಊರು ದಾಖಲೆಯಲ್ಲಿ ಇಲ್ಲದ ಮೇಲೆ ಮನೆಗೆ ಹಕ್ಕುಪತ್ರವಿಲ್ಲ. ಹಕ್ಕುಪತ್ರವಿಲ್ಲದೆ ಸಹಾಯಧನವಿಲ್ಲ, ಬ್ಯಾಂಕಿನ ಸಾಲವೂ ಇಲ್ಲ. 2017ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು ಖಾಸಗಿ ಜಮೀನಿನಲ್ಲಿ ಬೆಳೆದ ಇಂಥ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಹಕ್ಕು ನೀಡಲು ಅವಕಾಶ ಮಾಡಿತು. ‘ವಾಸಿಸುವವನೇ ಮನೆಯ ಒಡೆಯ’ ಎಂಬ ಮಾತು ಆಗ ಪ್ರಚಾರಕ್ಕೆ ಬಂದಿತು. ಬಳಿಕ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸಾವಿರಕ್ಕೂ ಮೇಲ್ಪಟ್ಟ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದ ಸಂದರ್ಭದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳು ದೊರೆತವು.

ನೆಲ ದೊರೆತ ಮೇಲಿನ ಪ್ರಶ್ನೆ ಹಣದ್ದು. 1985ರಲ್ಲಿ ಗ್ರಾಮೀಣ ಭೂರಹಿತರ ಉದ್ಯೋಗ ಖಾತರಿ ಕಾರ್ಯಕ್ರಮದ ಭಾಗವಾಗಿ ಇಂದಿರಾ ಆವಾಸ್ ಯೋಜನೆ ಆರಂಭವಾಯಿತು. ಪರಿಶಿಷ್ಟ ಜಾತಿ ಪಂಗಡಗಳವರಿಗೂ ಬಿಡುಗಡೆಯಾದ ಜೀತದಾಳುಗಳಿಗೂ ಮೀಸಲಾಗಿದ್ದ ಇದನ್ನು 1993–94ರಲ್ಲಿ ಇತರ ಬಡವರಿಗೂ ವಿಸ್ತರಿಸಲಾಯಿತು. 1996ರ ಜನವರಿ 1ರಿಂದ ಅದು ಸ್ವತಂತ್ರ ಯೋಜನೆಯಾಯಿತು. 1957ರ ಯೋಜನೆಗೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಕೊಡುತ್ತಿದ್ದುದು ಸಾಲವಲ್ಲ, ಸಹಾಯಧನ. ಗುತ್ತಿಗೆದಾರರನ್ನು ದೂರವಿರಿಸಿ, ಫಲಾನುಭವಿಯೇ ನಿಂತು ಮನೆ ಕಟ್ಟಿಕೊಳ್ಳಬೇಕೆಂಬುದು ಅದರ ನಿಯಮ. ಬಯಲುಸೀಮೆಯ ಮನೆಗೆ 2010ರಲ್ಲಿ 45,000 ರೂಪಾಯಿಯಾಗಿದ್ದ ನೆರವು 2013ರಲ್ಲಿ 70,000 ರೂಪಾಯಿಗೆ ಏರಿತು. 2016ರಲ್ಲಿ ಈ ಯೋಜನೆಯು ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂದು ಮಾರ್ಪಟ್ಟಿತು. ಆಗ ಬಯಲುನಾಡಿನ ಮನೆಗೆ 1,20,000 ರೂಪಾಯಿಯನ್ನೂ ಗುಡ್ಡಗಾಡಿನ ಮನೆಗೆ 1,30,000 ರೂಪಾಯಿಯನ್ನೂ ನಿಗದಿಪಡಿಸಲಾಯಿತು. ಬಯಲುನಾಡಿನಲ್ಲಿ ಇದರ ನೂರಕ್ಕೆ ಅರವತ್ತು ಭಾಗ ಕೇಂದ್ರದ್ದು, ನಲವತ್ತು ಭಾಗ ರಾಜ್ಯದ್ದು. ಇದಲ್ಲದೆ ಮನೆಯ ಕೆಲಸಕ್ಕೆ 90 ದಿನಗಳ ಉದ್ಯೋಗ ಖಾತರಿಯ ಕೂಲಿಯನ್ನೂ ಶೌಚಾಲಯಕ್ಕೆ 12,000 ರೂಪಾಯಿಯನ್ನೂ ಜೋಡಿಸಲಾಯಿತು. ಮನೆಯ ವಿಸ್ತಾರ ಅಡುಗೆಯ ಜಾಗವೂ ಸೇರಿ 25 ಚದರ ಮೀಟರಿಗೆ ಕಡಿಮೆಯಿರಬಾರದು. ಅಂದರೆ ಸುಮಾರು 270 ಚದರ ಅಡಿ.

ಕರ್ನಾಟಕವು ತನ್ನದೇ ಯೋಜನೆಗಳನ್ನೂ ನಡೆಸಿಕೊಂಡು ಬಂದಿದೆ. 1991–92ರಲ್ಲಿ ಆರಂಭವಾದ ಆಶ್ರಯ ಯೋಜನೆ ಇವುಗಳಲ್ಲಿ ಹೆಸರಾದುದು. ಬಳಿಕ ಬಸವ ವಸತಿ, ಅಂಬೇಡ್ಕರ್ ನಿವಾಸ ಮುಂತಾದ ಯೋಜನೆಗಳು ಬಂದವು. ಇವೆಲ್ಲವನ್ನು ನೋಡಿಕೊಳ್ಳಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಲಾಯಿತು.

ಕಾಗದದ ಮೇಲೆ ಮಂಜೂರಾದ ಹಣ ಒಮ್ಮೆಗೇ ಕೈಸೇರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣಗೊಂಡ ಮನೆ ಎಂದು ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಹಂತಹಂತದ ಛಾಯಾಚಿತ್ರ ನೋಡಿ ಕಂತುಗಳಲ್ಲಿ ಹಣ ಬಿಡುಗಡೆ ಮಾಡುತ್ತಾರೆ. ಹಣ ಅನ್ಯಥಾ ವೆಚ್ಚವಾಗದಿರಲೆಂದು ಈ ಏರ್ಪಾಡು, ಅದನ್ನು ತಪ್ಪೆನ್ನಲಾಗದು. ಆದರೆ ಕಂತಿಗೆ ಮೊದಲು ಕೆಲಸವಾಗಬೇಕು, ಕೆಲಸಕ್ಕೆ ಮೊದಲು ಕಲ್ಲು, ಮರಳು, ಸಿಮೆಂಟು, ಕಬ್ಬಿಣ ಬರಬೇಕು. ಅಂಗಡಿಯವನು ಛಾಯಾಚಿತ್ರ ನೋಡಿ ಉದ್ದರಿ ಕೊಡುವುದಿಲ್ಲ. ಆಗ ಕೂಲಿಯವನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಇಪ್ಪತ್ತು ಸಾವಿರ ಕೈಸಾಲ ಮಾಡಿದನೆಂದರೆ, ತಿಂಗಳಿಗೆ ಆರುನೂರು ರೂಪಾಯಿ ಬಡ್ಡಿಗೇ ಹೋಗುತ್ತದೆ. ಕಂತು ಐದು ತಿಂಗಳು ತಡವಾದರೆ ಮೂರು ಸಾವಿರ ರೂಪಾಯಿ ಗೋಡೆಯನ್ನು ಒಂದಂಗುಲವೂ ಏರಿಸದೆ ಕರಗಿತು. ಹಳ್ಳಿಯ ಅಂಚಿನಲ್ಲಿ ಲಿಂಟಲಿನ ಮಟ್ಟಕ್ಕೆ ನಿಂತು, ಮಧ್ಯದಲ್ಲಿ ಎಕ್ಕದ ಗಿಡ ಬೆಳೆದ ಗೋಡೆಗಳು ಕಂಡರೆ, ಅವು ಸೋಮಾರಿತನದ ಗುರುತೆಂದು ಅವಸರದಲ್ಲಿ ಹೇಳಬಾರದು. ಅನೇಕ ವೇಳೆ ಅವು ಎರಡು ಕಂತುಗಳ ನಡುವೆ ಸಿಕ್ಕಿಕೊಂಡ ಮನೆಗಳು.

ಯಾರಿಗೆ ಮನೆ ಸಿಗಬೇಕೆಂಬುದನ್ನು ಪರಿಶೀಲಿಸುವ ಜಾಗ ಗ್ರಾಮಸಭೆ. ಪಟ್ಟಿಯನ್ನು ಎಲ್ಲರೆದುರು ಓದುವಾಗ ಮಾಳಿಗೆಯ ಮನೆಯಿದ್ದವನ ಹೆಸರು ಬಂದರೆ ಎದ್ದು ಪ್ರಶ್ನಿಸುವ ಹಕ್ಕು ಊರಿನವರಿಗಿದೆ. ನಿಯಮಗಳು ಕೆಲವೊಮ್ಮೆ ಬಡವರನ್ನೇ ಹೊರಗಿಟ್ಟದ್ದೂ ಉಂಟು. 2016ರ ನಿಯಮದಂತೆ ಮೋಟಾರು ದ್ವಿಚಕ್ರವಾಹನವಿದ್ದ ಕುಟುಂಬ ಪಟ್ಟಿಯಿಂದ ಹೊರಗುಳಿಯುತ್ತಿತ್ತು. ಹಾಲಿನ ಕ್ಯಾನು ಹೊರಲೆಂದು ಹಳೆಯ ಮೊಪೆಡ್ ಕೊಂಡವನ ಗುಡಿಸಲು ಅದರಿಂದ ಸೋರುವುದನ್ನು ಬಿಡಲಿಲ್ಲ! 2024ರಲ್ಲಿ ಈ ನಿಬಂಧನೆಯನ್ನು ತೆಗೆದುಹಾಕಲಾಯಿತು.

ಸಹಾಯಧನ ಎಷ್ಟೇ ಏರಿದರೂ ಸಿಮೆಂಟು ಕಬ್ಬಿಣಗಳ ಬೆಲೆ ಅದರ ಮುಂದೆ ಓಡುತ್ತಿರುವುದರಿಂದ, ಕಟ್ಟುವ ಕ್ರಮದಲ್ಲಿಯೇ ಮಿತವ್ಯಯ ಸಾಧಿಸುವ ಪ್ರಯತ್ನಗಳು ಮಹತ್ವ ಪಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಅನ್ವಯಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಮಣ್ಣಿನ ಗೋಡೆಯನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡರು. ಮರಳಿನಂಶವಿರುವ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಕೆಲವು ವಾರ ನೀರುಣಿಸಿ ಹದಗೊಳಿಸಿದರೆ ಗಟ್ಟಿಯಾದ ಇಟ್ಟಿಗೆ ಸಿದ್ಧವಾಗುತ್ತದೆ. ಇದಕ್ಕೆ ಗೂಡಿನಲ್ಲಿ ಸುಡುವ ಕೆಲಸವಿಲ್ಲ. ಆದುದರಿಂದ ಸೌದೆಯೂ ಬೇಡ. ಎರೆಮಣ್ಣು ಮಾತ್ರ ಇದಕ್ಕೆ ಹಾಗೆಯೇ ಒಗ್ಗುವುದಿಲ್ಲ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ.

ನೆರೆಯ ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇದೇ ದಿಕ್ಕಿನಲ್ಲಿ ದುಡಿದರು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಭಾರತದಲ್ಲಿ ನೆಲೆಸಿ, ಇಲ್ಲಿನ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ನಿಧನರಾದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆಯ ನಡುವೆ ಪೊಳ್ಳು ಬಿಡುವ ಕ್ರಮವನ್ನು ಅವರು ಬಳಕೆಗೆ ತಂದರು. ಇದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಛಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿ ಸಿಮೆಂಟನ್ನು ಉಳಿಸಿದರು. 1980ರ ದಶಕದಲ್ಲಿ ಕೊಲ್ಲಂನಲ್ಲಿ ಮೊದಲುಗೊಂಡ ನಿರ್ಮಿತಿ ಕೇಂದ್ರಗಳು ಇಂಥ ಕ್ರಮಗಳನ್ನು ಹರಡಿದವು. ಕರ್ನಾಟಕದ ಜಿಲ್ಲೆಗಳಲ್ಲಿಯೂ ನಿರ್ಮಿತಿ ಕೇಂದ್ರಗಳು ಸ್ಥಾಪಿತವಾದವು. ಆದರೂ ಮಣ್ಣಿನ ಇಟ್ಟಿಗೆಯ ಮನೆಯನ್ನು ಬಡವರೇ ಒಲ್ಲೆನೆನ್ನುವುದುಂಟು. ಊರ ಗೌಡರ ಮನೆ ಸಿಮೆಂಟಿನದಾಗಿರುವಾಗ ತಮಗೆ ಮಾತ್ರ ಮಣ್ಣೇಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರಿಸುವುದು ಎಂಜಿನಿಯರುಗಳಿಗೆ ಸುಲಭವಾಗಿಲ್ಲ.

ಇಂದಿರಾ ಆವಾಸ್ ಯೋಜನೆಯ ಕಾಲದಿಂದಲೂ ಮನೆಯನ್ನು ಮನೆಯೊಡತಿಯ ಹೆಸರಿನಲ್ಲಿ, ಇಲ್ಲವೆ ದಂಪತಿಗಳಿಬ್ಬರ ಹೆಸರಿನಲ್ಲಿ ಮಂಜೂರು ಮಾಡುವ ಪದ್ಧತಿ ಬಂದಿದೆ. ರಾಜ್ಯದ ಯೋಜನೆಗಳೂ ಬಹುಮಟ್ಟಿಗೆ ಹೆಣ್ಣುಮಕ್ಕಳನ್ನೇ ಫಲಾನುಭವಿಗಳೆಂದು ಗುರುತಿಸುತ್ತವೆ. ಕುಡಿತದ ಚಟಕ್ಕೆ ಬಿದ್ದ ಗಂಡ ಮನೆಯನ್ನು ಅಡವಿಡಲು ಇದರಿಂದ ತಡೆಯಾಗುತ್ತದೆ. ಮನೆ ಮುಗಿದ ಮೇಲೆ ಗ್ರಾಮ ಪಂಚಾಯಿತಿಯವರು ಬಾಗಿಲಿಗೆ ಸಂಖ್ಯೆ ಬರೆದು, ತೆರಿಗೆಯ ಪುಸ್ತಕದಲ್ಲಿ ಅವಳ ಹೆಸರನ್ನು ದಾಖಲಿಸುತ್ತಾರೆ. ವರ್ಷಕ್ಕೊಮ್ಮೆ ಕಂದಾಯ ಕಟ್ಟಿದ ರಸೀತಿ ಅವಳ ಹೆಸರಿಗೇ ಬರುತ್ತದೆ. ಆ ರಸೀತಿಯನ್ನೂ ಹಕ್ಕುಪತ್ರವನ್ನೂ ಮಕ್ಕಳ ಶಾಲೆಯ ಕಾಗದಗಳನ್ನೂ ಒಂದೇ ಚೀಲದಲ್ಲಿ ಸುತ್ತಿ ಅವಳು ಗೋಡೆಯ ಗೂಡಿನಲ್ಲಿ ಇಡುತ್ತಾಳೆ. ಗುಡಿಸಲಿನಲ್ಲಿದ್ದಾಗ ಮಳೆಗಾಲ ಬಂತೆಂದರೆ ಅಂಥ ಕಾಗದಗಳನ್ನು ಪರರ ಮನೆಯ ಪೆಟ್ಟಿಗೆಯಲ್ಲಿ ಇರಿಸಿ ಬರಬೇಕಾಗಿತ್ತು.