ಪರನಾಡಿನಲ್ಲಿ ಬೆರೆಯುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವನ್ನು ಓದುವ ಬಗೆಯನ್ನು ಶಾಲೆ ಕಲಿಸುತ್ತದೆ; ದೇಶವನ್ನು ಸುತ್ತುವ ಬಗೆಯನ್ನು ಕಲಿಸುವವರು ವಿರಳ. ವಿಮಾನವು ಮನುಷ್ಯನನ್ನು ಕೆಲವೇ ಗಂಟೆಗಳಲ್ಲಿ ಪರದೇಶಕ್ಕೆ ಮುಟ್ಟಿಸಬಲ್ಲದು. ಆದರೆ ಅಲ್ಲಿಯ ಜನರ ನಡುವೆ ಅವನಿಗೊಂದು ಸ್ಥಾನವನ್ನು ದೊರಕಿಸಿಕೊಡಲಾರದು. ಅದನ್ನು ಅವನೇ ಸಂಪಾದಿಸಬೇಕು. ಹೋದ ನಾಡಿನವರೊಡನೆ ಬೆರೆಯುವುದೆಂದರೇನು? ಅವರಂತೆ ಉಡುವುದೆ? ಅವರಂತೆ ಕಾಣುವುದೆ? ಅಥವಾ ಇವೆರಡಕ್ಕೂ ಮಿಗಿಲಾದುದು ಬೇರೊಂದುಂಟೆ?

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನಲ್ಲಿ ಕೆದಂಬಾಡಿ ಎಂಬ ಗ್ರಾಮವಿದೆ. ಪುತ್ತೂರು, ಸುಳ್ಯ, ಕಡಬಗಳ ಈ ಸೀಮೆಯಲ್ಲಿ ಒಂದೇ ಭಾಷೆಯಿಂದ ದಿನ ಕಳೆಯುವವರು ಕಡಿಮೆ. ತುಳು ಹಾದಿಬೀದಿಗಳ ಮಾತು. ಕನ್ನಡ ಶಾಲೆ ಕಚೇರಿಗಳ ಮಾತು. ಹವ್ಯಕರ ಮನೆಗಳಲ್ಲಿ ಹವಿಗನ್ನಡ, ಗೌಡರಲ್ಲಿ ಹಲವರ ಮನೆಗಳಲ್ಲಿ ಅರೆಭಾಷೆ, ಬ್ಯಾರಿಗಳ ಮನೆಗಳಲ್ಲಿ ಬ್ಯಾರಿ ಭಾಷೆ. ಜೊತೆಗೆ ಕೊಂಕಣಿ, ಮಲೆಯಾಳಗಳೂ ಕಿವಿಗೆ ಬೀಳುತ್ತವೆ. ಎದುರಿಗೆ ಬಂದವನು ಯಾರೆಂಬುದನ್ನು ನೋಡಿ ನಾಲಗೆಯನ್ನು ಹೊರಳಿಸಿಕೊಳ್ಳುವುದು ಇಲ್ಲಿ ಸಾಮಾನ್ಯ. ಇದನ್ನು ಯಾರೂ ಪಾಂಡಿತ್ಯವೆಂದು ಬಗೆಯುವುದಿಲ್ಲ. ಇದರಿಂದ ತನ್ನ ಮನೆಮಾತು ಕೆಟ್ಟಿತೆಂದು ಯಾರೂ ಕೊರಗುವುದೂ ಇಲ್ಲ. ಪರರೊಡನೆ ಬೆರೆಯುವ ವಿದ್ಯೆಯ ಮೊದಲ ಪಾಠ ಇಂಥ ಹಳ್ಳಿಗಳಲ್ಲಿಯೇ ಇದೆ. ಆದರೆ ಊರಿನಲ್ಲಿ ಸಹಜವಾಗಿರುವ ಈ ಗುಣವನ್ನು ಕಡಲು ದಾಟಿದವನು ಎಷ್ಟೋ ಸಲ ಮರೆತುಬಿಡುತ್ತಾನೆ. ಬೆರೆಯುವುದೆಂದರೆ ವೇಷ ಬದಲಿಸುವುದೆಂದು ಭ್ರಮಿಸುತ್ತಾನೆ.

ಈ ಭ್ರಮೆ ದೊಡ್ಡವರನ್ನೂ ಬಿಟ್ಟಿಲ್ಲ. 1888ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದ ತರುಣ ಮೋಹನದಾಸ ಗಾಂಧಿಯವರು, ಹಡಗಿನಿಂದ ಇಳಿಯುವಾಗ ಬಿಳಿಯ ಉಡುಪೇ ಚೆನ್ನೆಂದು ತಿಳಿದು ಅದನ್ನೇ ತೊಟ್ಟರು. ನೋಡಿದರೆ ಸೆಪ್ಟೆಂಬರ್ ತಿಂಗಳ ಆ ಚಳಿಯಲ್ಲಿ ಬಿಳಿಯ ಉಡುಪಿನವರು ಅವರೊಬ್ಬರೇ! ಅವರನ್ನು ಕಾಣಲು ಬಂದ ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಎತ್ತರದ ಟೋಪಿಯ ನಯವನ್ನು ನೋಡುವ ಕುತೂಹಲದಿಂದ ತರುಣನು ಅದರ ಮೇಲೆ ಅಡ್ಡಾದಿಡ್ಡಿಯಾಗಿ ಕೈಯಾಡಿಸಿಬಿಟ್ಟನು. ಪರರ ವಸ್ತುಗಳನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು, ಮೊದಲ ಭೇಟಿಯಲ್ಲಿಯೇ ಪ್ರಶ್ನೆಗಳನ್ನು ಕೇಳಬಾರದು ಎಂಬ ಬುದ್ಧಿವಾದ ಆಗ ದೊರೆಯಿತು. ಮುಂದೆ ಅವರು ಹತ್ತು ಪೌಂಡು ತೆತ್ತು ಸಂಜೆಯ ಉಡುಪನ್ನು ಹೊಲಿಸಿದರು. ನೃತ್ಯ, ಪಿಟೀಲು, ಭಾಷಣಕಲೆಗಳ ಪಾಠಕ್ಕೂ ಸೇರಿದರು. ಸುಮಾರು ಮೂರು ತಿಂಗಳಲ್ಲಿ ಈ ವ್ಯಾಮೋಹ ಕಳೆಯಿತು. ಅದು ಅವರನ್ನು ಆಂಗ್ಲರಿಗೆ ಹತ್ತಿರಗೊಳಿಸಲಿಲ್ಲ.

ಹತ್ತಿರಗೊಳಿಸಿದ್ದು ಯಾವುದು? ಅವರನ್ನು ಎಲ್ಲರಿಂದ ಬೇರೆಯಾಗಿ ನಿಲ್ಲಿಸಿದ್ದ ವ್ರತವೇ. ಮಾಂಸವನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತನ್ನು ಅವರು ಮೀರಲಿಲ್ಲ. ಸಸ್ಯಾಹಾರದ ಊಟದ ಮನೆಯನ್ನು ಹುಡುಕುತ್ತ ನಗರದಲ್ಲೆಲ್ಲ ಅಲೆದರು. ಆ ಅಲೆದಾಟವೇ ಅವರಿಗೆ ಆಂಗ್ಲ ಸಸ್ಯಾಹಾರಿಗಳ ಗೆಳೆತನವನ್ನು ತಂದಿತು. ಅವರು ಆ ಸಂಘದ ಕಾರ್ಯಸಮಿತಿಯ ಸದಸ್ಯರೂ ಆದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅವರ ಮೈಮೇಲೆ ಇದ್ದುದು ತುಂಡು ಪಂಚೆ ಮತ್ತು ಹೊದಿಕೆ. ಅವರು ತಂಗಿದ್ದುದು ಪೂರ್ವ ಲಂಡನ್ನಿನ ಬಡವರ ಕೇರಿಯಲ್ಲಿದ್ದ ಕಿಂಗ್ಸ್‌ಲಿ ಹಾಲಿನಲ್ಲಿ. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕಷ್ಟಕ್ಕೊಳಗಾಗಿದ್ದ ಲಂಕಾಷೈರಿನ ಗಿರಣಿ ಕೆಲಸಗಾರರೂ ಅವರನ್ನು ಆದರದಿಂದ ಬರಮಾಡಿಕೊಂಡರು. ಎತ್ತರದ ಟೋಪಿಯಿಂದ ಆಗದ ಕೆಲಸ ಜನರ ನಡುವಿನ ಸರಳ ವಾಸದಿಂದ ಆಯಿತು.

ನಮ್ಮ ನಾಡಿನಿಂದ ಹೊರಕ್ಕೆ ಹೋದವರ ಮಾತು ಹೀಗಾಯಿತು. ಹೊರಗಿನಿಂದ ನಮ್ಮಲ್ಲಿಗೆ ಬಂದವರಲ್ಲಿಯೂ ಇದಕ್ಕೆ ಉದಾಹರಣೆಯುಂಟು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಧರ್ಮಪ್ರಚಾರ ಅವರ ಉದ್ದೇಶವಾಗಿದ್ದರೂ, ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಬೇಕೆಂಬುದು ಅವರ ಹಂಬಲವಾಗಿತ್ತು. ಇದು ಅವರ ಸಂಗಡಿಗರಿಗೆ ಹಿಡಿಸಲಿಲ್ಲ. ಪರರಿಗೆ ಹತ್ತಿರವಾಗಹೊರಟವರು ತಮ್ಮವರಿಂದಲೇ ದೂರವಾಗಬೇಕಾಯಿತು; ಮೂಲೆಗುಂಪಾಗಿ ಇರಬೇಕಾಯಿತು. ಆದರೂ ಅವರು ಕನ್ನಡದ ಕೈ ಬಿಡಲಿಲ್ಲ. ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಶ್ರಮದಿಂದ ಸಂಪಾದಿಸಿದರು. ಸ್ಥಳೀಯ ಪಂಡಿತರ ನೆರವಿನಿಂದ, ಗ್ರಂಥಗಳ ಪದಗಳನ್ನು ಮಾತ್ರವಲ್ಲದೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಕಲೆಹಾಕಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಿಟೆಲ್ಲರನ್ನು ಕಂಡ ಯಾರೂ ಅವರನ್ನು ಧಾರವಾಡದ ಒಕ್ಕಲಿಗನೆಂದು ಭ್ರಮಿಸಿರಲಾರರು. ಆದರೂ ಇಂದಿಗೂ ಕನ್ನಡಿಗರು ಅವರನ್ನು ನಮ್ಮವರೆಂದೇ ಕರೆಯುತ್ತಾರೆ.

ಎಲ್ಲ ಪ್ರವಾಸಿಗಳೂ ನಿಘಂಟು ಬರೆಯಬೇಕಾಗಿಲ್ಲ. ಅವರು ಕಲಿಯಬೇಕಾದ ಸಂಗತಿಗಳು ಬಹಳ ಚಿಕ್ಕವು. ಲಂಡನ್ನಿನ ಭೂಗತ ರೈಲು ನಿಲ್ದಾಣಗಳ ಚಲಿಸುವ ಮೆಟ್ಟಿಲುಗಳಲ್ಲಿ ನಿಲ್ಲುವವರು ಬಲಗಡೆಗೆ ನಿಂತು, ಅವಸರದವರಿಗೆ ಎಡಗಡೆಯನ್ನು ಬಿಟ್ಟುಕೊಡುತ್ತಾರೆ. ಜಪಾನಿನ ರೈಲುಗಳಲ್ಲಿ ದೂರವಾಣಿಯಲ್ಲಿ ಮಾತನಾಡುವುದು ಅಸಭ್ಯತನ. ಅಲ್ಲಿಯ ಮನೆಗಳಿಗೆ ನಮ್ಮಲ್ಲಿಯಂತೆಯೇ ಪಾದರಕ್ಷೆ ಕಳಚಿ ಹೋಗಬೇಕು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ನೆರೆಹೊರೆಯವರು ಅಂದು ನಿಶ್ಶಬ್ದವನ್ನು ಬಯಸುತ್ತಾರೆ. ಕರಾವಳಿಯ ಅನೇಕರು ದುಡಿಯಲು ಹೋಗುವ ಕೊಲ್ಲಿ ರಾಷ್ಟ್ರಗಳಲ್ಲಿ ರಂಜಾನ್ ಮಾಸದ ಹಗಲು ಉಪವಾಸಿಗಳ ಎದುರಿನಲ್ಲಿ ತಿನ್ನದಿರುವುದು ಸೌಜನ್ಯ. ಈ ನಡೆಗಳಿಗೆ ಹಣ ಬೇಕಿಲ್ಲ. ಕಣ್ಣು ತೆರೆದಿರಬೇಕು, ಬಾಯಿ ತುಸು ಮುಚ್ಚಿರಬೇಕು. ಅಲ್ಲಿಯ ಭಾಷೆಯಲ್ಲಿ ನಮಸ್ಕಾರ, ಉಪಕಾರವಾಯಿತು ಎಂಬ ಎರಡು ಮಾತುಗಳು ಬಂದರಂತೂ ಮುಚ್ಚಿದ ಎಷ್ಟೋ ಬಾಗಿಲುಗಳು ತೆರೆಯುತ್ತವೆ.

ಯಕ್ಷಗಾನದ ವೇಷಧಾರಿ ಬೆಳಗಾದೊಡನೆ ಚೌಕಿಯಲ್ಲಿ ಬಣ್ಣ ಒರೆಸಿದರೆ ಆ ವೇಷ ಮುಗಿಯಿತು. ಉಡುಪಿನ ಅನುಕರಣೆಯೂ ಅಷ್ಟೇ. ಹೋದ ನಾಡಿನವರಿಗೆ ಹೊರೆಯಾಗದಂತೆ ನಡೆಯುವುದು, ಅವರ ಮಾತನ್ನು ಗೌರವದಿಂದ ಕಲಿಯುವುದು, ತನ್ನ ನಂಬಿಕೆಯನ್ನು ಬಿಡದೆ ಅವರ ನಂಬಿಕೆಗೆ ನೋವಾಗದಂತೆ ಬಾಳುವುದು: ಬೆರೆಯುವುದೆಂದರೆ ಇಷ್ಟೇ. ಹೀಗೆ ನಡೆದವನು ಪರನಾಡಿನಲ್ಲಿ ಪರಕೀಯನಾಗಿ ಕಂಡರೂ ಪರಕೀಯನಾಗಿ ಉಳಿಯುವುದಿಲ್ಲ.